ಮೂರನೆಯ ಬಾಗಿಲು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ. ಭಾಷಣಕಾರರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆಯೋ ಎಐ ಬಗ್ಗೆಯೋ ಒಂದು ಇಪ್ಪತ್ತು ನಿಮಿಷ ಮಾತಾಡಪ್ಪ" ಎಂದರು. "ಪ್ರೀತಿ, ಮದುವೆ, ಹಳೇ ಕಾದಂಬರಿ, ಇದರ ಬಗ್ಗೆ ಮಾತಾಡ್ತೀನಿ ಸಾರ್" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಮಕ್ಕಳೂ ಇರ್ತಾರೆ, ನೋಡ್ಕೊಂಡು ಮಾತಾಡು" ಎಂದರು. ಮಕ್ಕಳು ಇರುತ್ತಾರೆ ಎಂಬ ಕಾರಣಕ್ಕೇ ಈ ವಿಷಯ ಆರಿಸಿಕೊಂಡೆ.

ನಾವು ಓದುವಾಗ ಕೆಂಗೇರಿ ದಾಟಿದರೆ ರಾಗಿ ಹೊಲ, ಹುಣಸೆ ಮರ. ಈಗ ಚಲ್ಲಘಟ್ಟದವರೆಗೆ ಮೆಟ್ರೊ ಬಂದಿದೆ, ಹೊಲಗಳು ಲೇಔಟ್ ಆಗಿವೆ. ಶಾಲೆಗೆ ಬರುವ ಮಕ್ಕಳೂ ಬದಲಾಗಿದ್ದಾರೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳು, ಕಟ್ಟಡ ಕೆಲಸಕ್ಕೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಮಕ್ಕಳು ಇಲ್ಲಿದ್ದಾರೆ. ಇಷ್ಟೆಲ್ಲ ಬದಲಾದರೂ ಒಂದು ಮಾತು ಮಾತ್ರ ಹಾಗೇ ಉಳಿದಿದೆ: "ಹತ್ತನೇ ಕ್ಲಾಸ್ ಮುಗೀತು. ಕಾಲ ಕೆಟ್ಟಿದೆ. ಏನಾದ್ರೂ ಹೆಚ್ಚುಕಮ್ಮಿ ಆಗೋ ಮುಂಚೆ ಒಳ್ಳೇ ಕಡೆ ನೋಡಿ ಕೊಟ್ಟುಬಿಡೋಣ." ನಮ್ಮ ಕಾಲದಲ್ಲೂ ಬೇಸಿಗೆ ರಜೆ ಮುಗಿಸಿ ಬಂದರೆ ಹುಡುಗಿಯರ ಸಾಲಿನಲ್ಲಿ ಒಂದೆರಡು ಜಾಗ ಖಾಲಿ ಇರುತ್ತಿದ್ದವು. ಕೇಳಿದರೆ, "ಮದುವೆ ಆಯ್ತಂತೆ" ಎನ್ನುತ್ತಿದ್ದರು. ಅಷ್ಟಕ್ಕೆ ಆ ಮಾತು ಮುಗಿಯುತ್ತಿತ್ತು.

ಆ 'ಹೆಚ್ಚುಕಮ್ಮಿ' ಎಂದರೆ ಏನು ಎಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಪತ್ರಿಕೆಗಳಲ್ಲಿ ಅದಕ್ಕೆ ಖಾಯಂ ಪದಗಳಿವೆ: 'ಪುಸಲಾಯಿಸಿ ಕರೆದೊಯ್ದ', 'ಮದುವೆಯಾಗುವುದಾಗಿ ನಂಬಿಸಿ ವಂಚನೆ'. ತಂದೆತಾಯಿಗಳ ಈ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಭಯ ನಿಜ. ಆದರೆ ಅದಕ್ಕೆ ಕಂಡುಕೊಂಡ ಮದ್ದು ಸರಿಯೇ ಎಂಬುದು ನನ್ನ ಪ್ರಶ್ನೆ. ಈ ಪ್ರಶ್ನೆ ಮೊಬೈಲ್ ಬಂದ ಮೇಲೆ ಹುಟ್ಟಿದ್ದೂ ಅಲ್ಲ. ಸುಮಾರು ಮುನ್ನೂರು ವರ್ಷಗಳಿಂದ ಕಾದಂಬರಿಗಳು ಇದನ್ನೇ ಕೇಳುತ್ತಾ ಬಂದಿವೆ.

ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಎಂಬುವನಿದ್ದ. ಲಂಡನ್ನಿನಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದ ಮನುಷ್ಯ, ಐವತ್ತು ವರ್ಷವಾದ ಮೇಲೆ ಕಾದಂಬರಿ ಬರೆಯಲು ಕುಳಿತ. ಅವನ 'ಕ್ಲಾರಿಸ್ಸಾ' 1747-48ರಲ್ಲಿ ಸಂಪುಟ ಸಂಪುಟವಾಗಿ ಬಂತು. ಇಡೀ ಕಥೆ ಪತ್ರಗಳಲ್ಲೇ ನಡೆಯುತ್ತದೆ. ಇಂಗ್ಲಿಷಿನ ಅತಿ ಉದ್ದದ ಕಾದಂಬರಿಗಳಲ್ಲಿ ಅದೂ ಒಂದು. ಆಫೀಸಿಗೆ ಹೋಗಿಬರುವಾಗ ಮೆಟ್ರೊದಲ್ಲಿ ಕುಳಿತು ತಿಂಗಳುಗಟ್ಟಲೆ ಅದನ್ನು ಓದಿದೆ. ಓದುತ್ತಾ ಹೋದ ಹಾಗೆ ಇದು ಇಂಗ್ಲೆಂಡಿನ ಕಥೆಯೋ ನಮ್ಮ ಪಕ್ಕದ ಬೀದಿಯದೋ ಎನ್ನಿಸತೊಡಗಿತು.

ಕಥೆ ಇಷ್ಟು. ಕ್ಲಾರಿಸ್ಸಾಳಿಗೆ ಅವಳ ತಾತ ಆಸ್ತಿ ಬರೆದಿಟ್ಟು ಸತ್ತಿದ್ದಾನೆ. ಅಣ್ಣನಿಗೆ ಹೊಟ್ಟೆಯುರಿ. ಮನೆಯವರು ಅವಳಿಗೆ ಸೋಮ್ಸ್ ಎಂಬ ಹಣವಂತನನ್ನು ಗೊತ್ತು ಮಾಡುತ್ತಾರೆ. ಅವಳಿಗೆ ಅವನನ್ನು ಕಂಡರಾಗದು. "ಮದುವೆಯೇ ಬೇಡ, ಮನೆಯಲ್ಲೇ ಇರುತ್ತೇನೆ" ಎನ್ನುತ್ತಾಳೆ. ಯಾರೂ ಕೇಳುವುದಿಲ್ಲ. ಅವಳನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ, ನೆಚ್ಚಿನ ಕೆಲಸದವಳನ್ನು ಬಿಡಿಸುತ್ತಾರೆ, ಪತ್ರ ಬರೆಯಬಾರದು ಎನ್ನುತ್ತಾರೆ. ಆಗ ಅವಳ ಮಾತಿಗೆ ಕಿವಿಗೊಡುವವನಂತೆ ನಟಿಸುವವನು ಒಬ್ಬನೇ, ಲವ್‌ಲೇಸ್. ಒಳ್ಳೆಯ ಮನೆತನದವನು, ಮಾತಿನಲ್ಲಿ ಜಾಣ, ಹೆಣ್ಣುಮಕ್ಕಳನ್ನು ಕೆಡಿಸುವುದೇ ಅವನಿಗೆ ಆಟ. ತೋಟದ ಹಿಂಬಾಗಿಲ ಬಳಿಗೆ ಅವಳನ್ನು ಕರೆಸಿಕೊಂಡು, ಮನೆಯವರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಹೆದರಿಸಿ ಗಾಡಿ ಹತ್ತಿಸಿಬಿಡುತ್ತಾನೆ. ಮುಂದೆ ಲಂಡನ್ನಿನ ಒಂದು ಕೆಟ್ಟ ಮನೆಯಲ್ಲಿ ಇರಿಸಿ, ಮತ್ತು ಬರಿಸುವ ಔಷಧಿ ಕುಡಿಸಿ, ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಆಮೇಲೆ ಮದುವೆಯಾಗುತ್ತೇನೆ ಎಂದರೂ ಅವಳು ಒಪ್ಪುವುದಿಲ್ಲ. ಕೊನೆಗೆ ಸಾಯುತ್ತಾಳೆ. ಸಂಪುಟಗಳು ಹೊರಬರುತ್ತಿರುವಾಗಲೇ ಓದುಗರು ರಿಚರ್ಡ್‌ಸನ್ನನಿಗೆ ಪತ್ರ ಬರೆದು, ಹೇಗಾದರೂ ಮಾಡಿ ಅವರಿಬ್ಬರಿಗೂ ಮದುವೆ ಮಾಡಿಸಿ ಎಂದು ಬೇಡಿಕೊಂಡರು. ಅವನು ಕೇಳಲಿಲ್ಲ.

ಈ ಕಥೆಯನ್ನು ಎರಡು ರೀತಿಯಲ್ಲಿ ಓದಬಹುದು. "ಮನೆಯವರು ತೋರಿಸಿದವನನ್ನು ಕಟ್ಟಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ" ಎನ್ನಬಹುದು. "ಪ್ರೀತಿಸುವವರನ್ನು ಮನೆಯವರು ತಡೆದರೆ ಹೀಗೇ ಆಗುವುದು" ಎಂದೂ ಹೇಳಬಹುದು. ಎರಡೂ ತಪ್ಪು ಎಂಬುದು ನನ್ನ ಅನಿಸಿಕೆ. ಅವಳು ಲವ್‌ಲೇಸನನ್ನು ಮದುವೆಯಾಗಲು ಹೊರಟವಳಲ್ಲ, ಸೋಮ್ಸನಿಂದ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದವಳು. ಆ ಮನೆಗೆ ಅವಳ ಪಾಲಿಗೆ ಎರಡೇ ಬಾಗಿಲು. ಮುಂಬಾಗಿಲಿನಲ್ಲಿ ಸೋಮ್ಸ್, ಹಿಂಬಾಗಿಲಿನಲ್ಲಿ ಲವ್‌ಲೇಸ್. 'ಬೇಡ' ಎಂದವಳು ಹೋಗಬಹುದಾದ ಮೂರನೆಯ ಬಾಗಿಲು ಇರಲಿಲ್ಲ. ಪುಸಲಾಯಿಸುವವನಿಗೆ ಅರ್ಧ ಕೆಲಸ ಮಾಡಿಕೊಟ್ಟವರು ಅವಳ ಮನೆಯವರೇ.

ಇಂಥ ಇನ್ನೊಂದು ಕಾದಂಬರಿ 1791ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಸುಸಾನ್ನಾ ರೋಸನ್ ಎಂಬಾಕೆ ಬರೆದ 'ಷಾರ್ಲಟ್ ಟೆಂಪಲ್'. 1794ರಲ್ಲಿ ಅಮೆರಿಕದಲ್ಲಿ ಅಚ್ಚಾದ ಮೇಲೆ ಅಲ್ಲಿ ಮನೆಮಾತಾಯಿತು. ಷಾರ್ಲಟ್‌ಳಿಗೆ ಹದಿನೈದು ವರ್ಷ, ಬೋರ್ಡಿಂಗ್ ಶಾಲೆಯ ಹುಡುಗಿ. ಒಬ್ಬ ಸೈನ್ಯಾಧಿಕಾರಿ ಅವಳನ್ನು ನಂಬಿಸಿ ನ್ಯೂಯಾರ್ಕಿಗೆ ಕರೆದುಕೊಂಡು ಹೋಗಿ ಕೈಬಿಡುತ್ತಾನೆ. ಅವಳು ಮಗು ಹೆತ್ತು ಸಾಯುತ್ತಾಳೆ. ನ್ಯೂಯಾರ್ಕಿನ ಟ್ರಿನಿಟಿ ಚರ್ಚಿನ ಅಂಗಳದಲ್ಲಿ ಅವಳ ಹೆಸರಿನ ಒಂದು ಸಮಾಧಿ ಕಲ್ಲೇ ಇದೆ. ಕಥೆಯನ್ನು ನಿಜವೆಂದೇ ನಂಬಿ ಜನ ಅಲ್ಲಿಗೆ ಹೋಗಿ ಕಣ್ಣೀರಿಡುತ್ತಿದ್ದರು. ಈ ಕಥೆಯಲ್ಲಿ ಶಿಕ್ಷಕರು ಗಮನಿಸಬೇಕಾದ ಒಂದು ಅಂಶವಿದೆ. ಆ ಹುಡುಗಿಯನ್ನು ಅಧಿಕಾರಿಯ ಬಳಿಗೆ ಕರೆದುಕೊಂಡು ಹೋದವಳು ಅವಳ ಶಾಲೆಯ ಫ್ರೆಂಚ್ ಟೀಚರೇ. ಶಾಲೆ ಇದ್ದ ಮಾತ್ರಕ್ಕೆ ಮಕ್ಕಳು ಕ್ಷೇಮ ಎಂದಲ್ಲ, ಅಲ್ಲಿರುವವರು ನಂಬಿಕೆಗೆ ಯೋಗ್ಯರಾಗಿರಬೇಕು ಎಂದು ಆ ಪುಸ್ತಕ ಹೇಳುತ್ತದೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಕಥೆ ಇನ್ನೂ ಕಠಿಣ, ಏಕೆಂದರೆ ಪ್ರೀತಿಯೋ ಮನೆಯವರು ನೋಡಿದ ಮದುವೆಯೋ ಎಂದು ಯೋಚಿಸುವ ವಯಸ್ಸು ಬರುವ ಮೊದಲೇ ಹೆಣ್ಣುಮಗುವಿನ ಮದುವೆ ಮುಗಿದಿರುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಶಿಶುವಿವಾಹ ತಡೆಯುವ ಒಂದು ಕಾನೂನು ಬಂತು. ಅದರ ಪ್ರಕಾರ 8 ವರ್ಷದೊಳಗಿನ ಹುಡುಗಿಗೆ ಮದುವೆ ಮಾಡುವಂತಿಲ್ಲ. 50 ದಾಟಿದ ಗಂಡಸು 14 ವರ್ಷದೊಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಕಾನೂನು ಮಾಡಿ ತಡೆಯಬೇಕಾಯಿತು ಎಂದರೆ ಅಂಥ ಮದುವೆಗಳು ನಡೆಯುತ್ತಿದ್ದವು ಎಂದೇ ಅರ್ಥ. ಅದಕ್ಕೂ ಮೊದಲು, 1887ರಲ್ಲಿ, ಉತ್ತರ ಕನ್ನಡದ ಸೂರಿ ವೆಂಕಟರಮಣ ಶಾಸ್ತ್ರಿಗಳು ಹವ್ಯಕ ಕನ್ನಡದಲ್ಲಿ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ಎಂಬ ನಾಟಕ ಬರೆದಿದ್ದರು. ದುಡ್ಡು ತೆಗೆದುಕೊಂಡು ಮಗಳನ್ನು ಮುದುಕನಿಗೆ ಕೊಡುವ ಕನ್ಯಾವಿಕ್ರಯವೇ ಅದರ ವಸ್ತು. ಕನ್ನಡದ ಮೊದಲ ಸಾಮಾಜಿಕ ನಾಟಕ ಎಂದು ಅದನ್ನು ಗುರುತಿಸುತ್ತಾರೆ. ಹೊಸಗನ್ನಡ ನಾಟಕ ಮೊಟ್ಟಮೊದಲು ಜಗಳ ತೆಗೆದದ್ದು ಮದುವೆಯ ವ್ಯಾಪಾರದ ಮೇಲೆ ಎಂಬುದನ್ನು ನೆನಪಿಡಬೇಕು.

ಹನ್ನೆರಡು ವರ್ಷ ಕಳೆದು, 1899ರಲ್ಲಿ, ಮಂಗಳೂರಿನಲ್ಲಿ 'ಇಂದಿರಾಬಾಯಿ' ಪ್ರಕಟವಾಯಿತು. ಅದರ ಇನ್ನೊಂದು ಹೆಸರು 'ಸದ್ಧರ್ಮ ವಿಜಯ'. ಬರೆದವರು ಗುಲ್ವಾಡಿ ವೆಂಕಟರಾಯರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಇದು. ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. ಮನೆಗಳ ಒಳಗೆ ನಡೆಯುವುದನ್ನು ಕಣ್ಣಾರೆ ಕಂಡವರು ಎಂದು ಓದುವಾಗಲೇ ತಿಳಿಯುತ್ತದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಕೌಚ್‌ಮನ್ 1903ರಲ್ಲೇ ಇದನ್ನು ಇಂಗ್ಲಿಷಿಗೆ ಅನುವಾದಿಸಿದರು.

ಇಂದಿರೆ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವಳು. ಅವಳ ತಂದೆತಾಯಿ ಮನೆಗೆ ಬರುವ ಕಪಟ ಸಂತರ ಮೇಲೆ ಕುರುಡು ಭಕ್ತಿ ಇಟ್ಟವರು. ಭಕ್ತಿ, ಸೇವೆ ಎಂಬ ಹೆಸರಿನಲ್ಲೇ ಆ ಸಂತರಿಂದ ಹುಡುಗಿಯ ಮಾನಕ್ಕೆ ಅಪಾಯ ಬರುತ್ತದೆ. ಇಲ್ಲಿ ಪುಸಲಾಯಿಸುವವನು ಹಿಂಬಾಗಿಲಲ್ಲಿ ಕಾಯುತ್ತಿಲ್ಲ, ಮುಂಬಾಗಿಲಿನಿಂದಲೇ ಕಾಲು ತೊಳೆಸಿಕೊಂಡು ಒಳಗೆ ಬಂದಿದ್ದಾನೆ. ಇಂದಿರೆ ಮನೆ ಬಿಟ್ಟು ಓಡುತ್ತಾಳೆ. ಅವಳು ಓಡಿದ್ದು ಪ್ರಿಯಕರನ ಬಳಿಗಲ್ಲ, ಅಮೃತರಾಯ ಎಂಬ ಸುಧಾರಕನ ಮನೆಗೆ. ಅಲ್ಲಿ ಅವಳಿಗೆ ಆಶ್ರಯ ಸಿಗುತ್ತದೆ, ಓದು ಸಿಗುತ್ತದೆ. ಅದಾದ ಮೇಲೆ ಮದುವೆ. ಇಂಗ್ಲೆಂಡಿಗೆ ಹೋಗಿ ಐಸಿಎಸ್ ಪಾಸು ಮಾಡಿ ಬಂದ ಭಾಸ್ಕರನನ್ನು ಅವಳು ಮದುವೆಯಾಗುತ್ತಾಳೆ. ಸಂಪ್ರದಾಯಸ್ಥರು ಒಪ್ಪದ ವಿಧವಾ ವಿವಾಹ ಅದು.

ಹಿರಿಯರೇ, ಈ ಮದುವೆಗೆ ಏನೆನ್ನುತ್ತೀರಿ? ಲವ್ ಮ್ಯಾರೇಜೋ ಅರೇಂಜ್ಡೋ? ನನಗಂತೂ ಎರಡರಲ್ಲಿ ಒಂದು ಡಬ್ಬಕ್ಕೆ ಅದನ್ನು ಹಾಕಲು ಆಗಲಿಲ್ಲ. ಹಿರಿಯರ ನೆರಳೂ ಇದೆ, ಹುಡುಗಿಯ ಮನಸ್ಸೂ ಇದೆ. ಕ್ಲಾರಿಸ್ಸಾ ಸತ್ತಳು, ಇಂದಿರೆ ಬದುಕಿದಳು. ಇಂದಿರೆ ಹೆಚ್ಚು ಬುದ್ಧಿವಂತೆ ಎಂದೋ ಒಳ್ಳೆಯವಳು ಎಂದೋ ಅಲ್ಲ. ರಾತ್ರಿ ಹೋಗಿ ತಟ್ಟಲು ಅವಳಿಗೊಂದು ಬಾಗಿಲಿತ್ತು, ಅದರ ಹಿಂದೆ ಪುಸ್ತಕಗಳಿದ್ದವು. ಆ ಬಾಗಿಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 1905ರಲ್ಲಿ ಬೋಳಾರ ಬಾಬುರಾಯರು 'ವಾಗ್ದೇವಿ' ಕಾದಂಬರಿಯಲ್ಲಿ ತೋರಿಸಿದರು. ಅಲ್ಲಿ ಗಂಡನಿರುವ ಹೆಣ್ಣು ಒಬ್ಬ ಮಠಾಧಿಪತಿಯ ವಶವಾಗುತ್ತಾಳೆ. ಮನೆಯವರಿಗೆ ಅದರಿಂದ ಲಾಭವಿದೆ, ಹಾಗಾಗಿ ತಡೆಯುವವರಿಲ್ಲ.

ಇದೆಲ್ಲ ಕಥೆಪುಸ್ತಕದ ಮಾತಾಯಿತು ಎನ್ನಬೇಡಿ. ನಂಜನಗೂಡು ತಿರುಮಲಾಂಬ ಅವರಿಗೆ ಹತ್ತನೆಯ ವಯಸ್ಸಿಗೆ ಮದುವೆಯಾಯಿತು, ಹದಿನಾಲ್ಕಕ್ಕೆ ವಿಧವೆಯಾದರು. ಅವರ ತಂದೆ ಅವರನ್ನು ಮೂಲೆಗೆ ಕೂರಿಸದೆ ಓದಲು ಬಿಟ್ಟರು. ಆ ಮಗಳು 'ಸುಶೀಲೆ' ಮೊದಲಾದ ಕಾದಂಬರಿಗಳನ್ನು ಬರೆದರು, 'ಸತಿಹಿತೈಷಿಣಿ' ಗ್ರಂಥಮಾಲೆ ಕಟ್ಟಿದರು, 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ನಡೆಸಿದರು. ನಮ್ಮ ಬೆಂಗಳೂರಿನಲ್ಲೇ ಆರ್. ಕಲ್ಯಾಣಮ್ಮನವರಿದ್ದರು. ಅವರೂ ಬಾಲವಿಧವೆ. ಅವರು 1913ರಲ್ಲಿ ಶಾರದಾ ಸ್ತ್ರೀ ಸಮಾಜ ಸ್ಥಾಪಿಸಿದರು. 1921ರಲ್ಲಿ 'ಸರಸ್ವತಿ' ಮಾಸಪತ್ರಿಕೆ ಶುರುಮಾಡಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ತಿರುಮಲಾಂಬ ಅವರ ವಿಷಯದಲ್ಲಿ ಮೂರನೆಯ ಬಾಗಿಲು ಹುಟ್ಟಿದ ಮನೆಯ ಒಳಗೇ ಇತ್ತು. ತಂದೆಯೊಬ್ಬರು ಮನಸ್ಸು ಮಾಡಿದರೆ ಮಗಳು ಮನೆಬಿಟ್ಟು ಓಡಬೇಕಾಗಿಲ್ಲ.

ಈಗ ನನ್ನ ಕಸುಬಿನಿಂದ ಒಂದು ಉದಾಹರಣೆ ಕೊಡುತ್ತೇನೆ. ಮೊಬೈಲಿನಲ್ಲಿ ಹೊಸ ಆ್ಯಪ್ ಹಾಕಿಕೊಂಡರೆ 'ಒಪ್ಪುತ್ತೇನೆ' ಎಂಬ ಗುಂಡಿ ಒತ್ತಲು ಹೇಳುತ್ತದೆ. ಒಳ್ಳೆಯ ಆ್ಯಪ್ ಆದರೆ ಪಕ್ಕದಲ್ಲಿ 'ಒಪ್ಪುವುದಿಲ್ಲ' ಎಂಬ ಗುಂಡಿಯೂ ಇರುತ್ತದೆ, ಅದನ್ನು ಒತ್ತಿದರೂ ಕೆಲಸ ನಡೆಯುತ್ತದೆ. ಒಂದೇ ಗುಂಡಿ ಇಟ್ಟು, ಒತ್ತಿದ ಮೇಲೆ "ನೋಡಿ, ಅವರೇ ಒಪ್ಪಿಕೊಂಡರು" ಎಂದರೆ ನಮ್ಮ ವೃತ್ತಿಯಲ್ಲಿ ಅದನ್ನು ಮೋಸ ಎನ್ನುತ್ತೇವೆ. ಗಂಡು ನೋಡಲು ಬಂದು, ಕಾಫಿ ಉಪ್ಪಿಟ್ಟು ಆದ ಮೇಲೆ, ಮನೆ ತುಂಬ ನೆಂಟರು ಕುಳಿತಿರುವಾಗ, "ಏನಮ್ಮ, ಒಪ್ಪಿಗೆ ತಾನೇ?" ಎಂದು ಹದಿನೇಳರ ಹುಡುಗಿಯನ್ನು ಕೇಳುತ್ತೇವಲ್ಲ, ಅಲ್ಲಿ ಎರಡನೆಯ ಗುಂಡಿ ಇದೆಯೇ? ರಾಜಾಜಿನಗರ, ವಿಜಯನಗರದಲ್ಲಿ ಬೀದಿಗೊಂದು ವಧೂವರರ ಕೇಂದ್ರದ ಬೋರ್ಡು ಕಾಣುತ್ತದೆ. ಮ್ಯಾಟ್ರಿಮನಿ ಆ್ಯಪ್‌ಗಳಲ್ಲಿ ಜಾತಿ, ಗೋತ್ರ, ನಕ್ಷತ್ರ, ಎತ್ತರ, ಸಂಬಳ ಎಲ್ಲಕ್ಕೂ ಜಾಗವಿದೆ. 'ಹುಡುಗಿಯನ್ನು ಒಬ್ಬಳೇ ಇರುವಾಗ ಕೇಳಿದ್ದೀರಾ' ಎಂಬ ಕಾಲಂ ಅವುಗಳಲ್ಲಿ ನಾನು ಕಂಡಿಲ್ಲ.

ಹಿಂಬಾಗಿಲಿನವನೂ ಒಂದೇ ಗುಂಡಿ ಇಡುತ್ತಾನೆ, ಮಕ್ಕಳೇ, ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. "ಈಗಲೇ ಬಾ", "ಯಾರಿಗೂ ಹೇಳಬೇಡ", "ನಂಬಿಕೆ ಇಲ್ಲವಾ?" ಇವು ಲವ್‌ಲೇಸ್ ಗಾಡಿ ಹತ್ತಿಸುವಾಗ ಹೂಡಿದ ಉಪಾಯಗಳೇ. ಅಂದು ಪತ್ರದಲ್ಲಿ ಬರುತ್ತಿದ್ದವು, ಇಂದು ಫೋನಿನಲ್ಲಿ ಬರುತ್ತವೆ. ನಿಜವಾಗಿ ಪ್ರೀತಿಸುವವನು ನೀನು ಪಿಯುಸಿ ಮುಗಿಸುವವರೆಗೆ, ಡಿಗ್ರಿ ಮುಗಿಸುವವರೆಗೆ ಕಾಯುತ್ತಾನೆ. 'ಬೇಡ' ಎಂದರೆ ಕೋಪ ಮಾಡಿಕೊಳ್ಳದೆ ಸುಮ್ಮನಾಗುತ್ತಾನೆ. ಹುಡುಗರಿಗೂ ಒಂದು ಮಾತು. ಮದುವೆ ಎಂಬ ಮಾತನ್ನು ಬಾಯಿಗೆ ಬಂದಂತೆ ಕೊಡುವ ವಸ್ತುವಾಗಿ ಮಾಡಿಕೊಳ್ಳಬೇಡಿ. ಕಾನೂನು ಏನು ಎಂದೂ ತಿಳಿದುಕೊಳ್ಳಿ. ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಹದಿನೇಳರ ಹುಡುಗಿ ತಾನಾಗಿಯೇ ಬಂದಳು ಎಂದರೂ 2012ರ ಪೋಕ್ಸೊ ಕಾಯ್ದೆಯ ಕಣ್ಣಿಗೆ ಅದು ಒಪ್ಪಿಗೆಯಲ್ಲ. ಹಾಗೆಯೇ, ತಂದೆತಾಯಿಗಳೇ, ಹದಿನೇಳಕ್ಕೆ ಛತ್ರದಲ್ಲಿ ಮಾಡಿದ ಮದುವೆಯೂ ಕಾನೂನಿನ ಮುಂದೆ ಮದುವೆಯಲ್ಲ. ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 1098ಕ್ಕೆ ಯಾವ ಮಗು ಬೇಕಾದರೂ, ಯಾರು ಬೇಕಾದರೂ ಫೋನ್ ಮಾಡಬಹುದು.

ನಾನು ಪ್ರೇಮ ವಿವಾಹದ ಪರವಾಗಿ ಪ್ರಚಾರ ಮಾಡಲು ಬಂದಿಲ್ಲ. ಮನೆಯವರು ನೋಡಿ ಮಾಡಿದ ಮದುವೆಗಳು ಚೆನ್ನಾಗಿ ನಡೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಮೆಚ್ಚಿ ಮದುವೆಯಾದವರು ಚೆನ್ನಾಗಿರುವುದನ್ನೂ ಕಂಡಿದ್ದೇವೆ. ಎರಡೂ ಕೆಟ್ಟದ್ದನ್ನೂ ಕಂಡಿದ್ದೇವೆ. ಹಳೆಯ ಕಾದಂಬರಿಗಳು ನನಗೆ ಕಲಿಸಿದ್ದು ಇಷ್ಟೇ: ಬೇಗ ಮದುವೆ ಮಾಡುವುದರಿಂದ ಹುಡುಗಿ ಕ್ಷೇಮವಾಗುವುದಿಲ್ಲ. ಅವಳ 'ಬೇಡ'ಕ್ಕೆ ಬೆಲೆ ಕೊಡುವವರು ಮನೆಯಲ್ಲಿದ್ದರೆ, ಮನೆಯಲ್ಲಿಲ್ಲದಿದ್ದರೆ ಶಾಲೆಯಲ್ಲಾದರೂ ಇದ್ದರೆ, ಅವಳು ಕ್ಷೇಮ. ಮಗಳು "ನನಗೆ ಒಬ್ಬ ಇಷ್ಟ" ಎಂದು ಮೊದಲು ತಾಯಿಯ ಹತ್ತಿರ ಬಂದು ಹೇಳುವಂತಿದ್ದರೆ, ಪುಸಲಾಯಿಸುವವನ ಆಟ ಅಲ್ಲಿಗೇ ಮುಗಿಯುತ್ತದೆ. ಹೇಳಿದ ದಿನವೇ ಫೋನ್ ಕಿತ್ತುಕೊಂಡು, ಶಾಲೆ ಬಿಡಿಸಿ, ಗಂಡು ಹುಡುಕಲು ಹೊರಟರೆ, ಮುಂದಿನ ಸಲ ಅವಳು ನಮಗೆ ಹೇಳುವುದಿಲ್ಲ.

ಐವತ್ತು ವರ್ಷಗಳಿಂದ ಈ ಊರಿನ ಎಷ್ಟೋ ಹೆಣ್ಣುಮಕ್ಕಳಿಗೆ ಈ ಸರ್ಕಾರಿ ಶಾಲೆಯೇ ಅಮೃತರಾಯನ ಮನೆಯಾಗಿದೆ. "ಇನ್ನೊಂದು ವರ್ಷ ಓದಲಿ ಬಿಡ್ರಪ್ಪ" ಎಂದು ಮನೆಬಾಗಿಲಿಗೆ ಹೋಗಿ ಹೇಳಿ ಬಂದ ಮೇಷ್ಟ್ರುಗಳೂ ಮೇಡಮ್ಮುಗಳೂ ಇಲ್ಲಿ ಕುಳಿತಿದ್ದಾರೆ. ಅವರು ಹಾಗೆ ಹೇಳಿ ಉಳಿಸಿದ ಹುಡುಗಿಯರಲ್ಲಿ ಇಂದು ನರ್ಸ್, ಟೀಚರ್, ಅಂಗಡಿ ಮಾಲೀಕರಾದವರು ಈ ಸಭೆಯಲ್ಲೇ ಇದ್ದಾರೆ. ಅವರಿಗೆ ಕೈಮುಗಿಯುತ್ತೇನೆ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟೋಣ ಎಂಬ ಸಲಹೆ ಬಂದಿದೆ. ಕಟ್ಟೋಣ, ಬೇಡ ಎನ್ನುವುದಿಲ್ಲ. ಆದರೆ ಅದರ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದ ಮೇಲೆ ಓದು ನಿಲ್ಲುವಂತಿರುವ ಹುಡುಗಿಯರಿಗೆ ಎರಡು ವರ್ಷದ ಪಿಯುಸಿ ಶುಲ್ಕ ಮತ್ತು ಪುಸ್ತಕ ಕೊಡಿಸೋಣ. ಬಸ್ಸಿನ ಚಿಂತೆ ಇಲ್ಲ, 2023ರಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಹದಿನಾರರಿಂದ ಹದಿನೆಂಟರವರೆಗಿನ ಆ ಎರಡು ವರ್ಷಗಳನ್ನು ದಾಟಿಸಿದರೆ, ಆಮೇಲೆ ಅವಳು ಯಾರನ್ನು ಮದುವೆಯಾಗಬೇಕು, ಯಾವಾಗ ಆಗಬೇಕು ಎಂಬ ಮಾತಿನಲ್ಲಿ ಅವಳ ಧ್ವನಿಯೂ ಸೇರುತ್ತದೆ. ಮೊದಲ ಇಬ್ಬರು ಹುಡುಗಿಯರ ಖರ್ಚು ನಾನೂ ನನ್ನ ಬ್ಯಾಚಿನ ಗೆಳೆಯರೂ ಕೊಡುತ್ತೇವೆ. ಮೂರನೆಯವಳಿಂದ ಮುಂದಕ್ಕೆ ನೀವು ಹೇಳಬೇಕು.

'ಇಂದಿರಾಬಾಯಿ' ಓದಬೇಕೆನ್ನುವವರು ಹಂಪಿನಗರದ ಕೇಂದ್ರ ಗ್ರಂಥಾಲಯದಂಥ ಕಡೆ ಕೇಳಿನೋಡಿ. ನಮ್ಮ ಶಾಲೆಯ ಲೈಬ್ರರಿಗೆ ಒಂದು ಪ್ರತಿಯನ್ನು ಇವತ್ತು ನಾನೇ ತಂದಿದ್ದೇನೆ, ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇನೆ. ಬೀರುವಿನಲ್ಲಿಟ್ಟು ಬೀಗ ಹಾಕದೆ ಮಕ್ಕಳ ಕೈಗೆ ಕೊಡಬೇಕೆಂದು ವಿನಂತಿ.